ಎಷ್ಟು ಕೂಗಿಗೆ ಬೇಳೆ ಬೆಂದೀತು

ಮಲ್ಲತ್ತಹಳ್ಳಿಯ ನಮ್ಮ ರಸ್ತೆಯಲ್ಲಿ ಹೆಚ್ಚಿನವು 30×40 ಸೈಟುಗಳು. ಗಾಳಿ ಬೆಳಕಿಗೆಂದು ನಕ್ಷೆಯಲ್ಲಿ ಬಿಟ್ಟ ಜಾಗ ನಕ್ಷೆಯಲ್ಲೇ ಉಳಿದಿರುವುದರಿಂದ ನಮ್ಮ ಅಡುಗೆಮನೆಯ ಕಿಟಕಿ, ಪಕ್ಕದವರ ಅಡುಗೆಮನೆಯ ಕಿಟಕಿ ಎರಡೂ ಮುಖಾಮುಖಿ. ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಕುಕ್ಕರುಗಳ ಕೂಗು. ಇದರಲ್ಲಿ ನಮ್ಮ ಮನೆಯದು ಯಾವುದು, ಅದು ಎಷ್ಟನೆಯದು ಎಂದು ಬಾತ್‌ರೂಮಿನಲ್ಲಿದ್ದುಕೊಂಡೇ ಹೇಳಬಲ್ಲ ಹೆಂಗಸರು ನಮ್ಮ ರಸ್ತೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಂಡಸರ ಕಿವಿಗೆ ಮಾತ್ರ ಈ ಕೂಗು ರಿಟೈರಾಗುವ ತನಕ ಬೀಳುವುದಿಲ್ಲ.

ನಮ್ಮ ಯಜಮಾನರಿಗೂ ಬ್ಯಾಂಕಿನ ಕೆಲಸ ಮುಗಿದ ಮೇಲೆಯೇ ಕೇಳಿಸಿದ್ದು. ಹಾರ ಹಾಕಿಸಿಕೊಂಡು ಮನೆಗೆ ಬಂದವರು ಒಂದು ವಾರ ಪೇಪರ್ ಓದಿದರು, ಆಮೇಲೆ ಅಡುಗೆಮನೆಗೆ ಬಂದರು. ಅಡುಗೆ ಮಾಡುವುದಕ್ಕಲ್ಲ, ಇನ್‌ಸ್ಪೆಕ್ಷನ್ನಿಗೆ. ನನಗಿನ್ನೂ ಸರ್ವಿಸ್ ಇದೆ. ಒಂಬತ್ತಕ್ಕೆ ಜ್ಞಾನಭಾರತಿ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಬೇಕು.

"ಬೇಳೆಗೆ ಎಷ್ಟು ಕೂಗು?"

"ಮೂರು."

"ಮೂರು ಕೂಗು ಅಂದ್ರೆ ಎಷ್ಟು ನಿಮಿಷ?"

"ಮೂರು ಅಂದ್ರೆ ಮೂರು ರೀ. ಸ್ವಲ್ಪ ಆ ಕಡೆ ಸರೀತೀರಾ?"

ಸರಿದರು. ಸರಿದು, ಬ್ಯಾಂಕಿನವರು ಕೊಟ್ಟಿದ್ದ ಡೈರಿಯಲ್ಲಿ ಗೆರೆ ಎಳೆದರು. ಎಡಕ್ಕೆ ಖರ್ಚಾದ ನಿಮಿಷ, ಬಲಕ್ಕೆ ಉಳಿತಾಯದ ನಿಮಿಷ. ದಿನಾ ಉಳಿಸಿದ್ದನ್ನೆಲ್ಲ ಜಮಾ ಮಾಡುತ್ತಾ ಹೋದರೆ ಶನಿವಾರದ ಹೊತ್ತಿಗೆ ನನ್ನ ಖಾತೆಯಲ್ಲಿ ಒಂದು ಸಂಜೆಯಷ್ಟಾದರೂ ಇರುತ್ತದೆ ಎಂಬುದು ಅವರ ಲೆಕ್ಕ. ಇದಕ್ಕೆ ನಾನು ಮರುಳಾಗಲು ಕಾರಣವಿತ್ತು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕಲಾಗ್ರಾಮ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇರುವುದೂ ಅಲ್ಲೇ. ಜಯನಗರ, ಮಲ್ಲೇಶ್ವರದಿಂದ ಜನ ಟ್ರಾಫಿಕ್ಕಿನಲ್ಲಿ ಬೆಂದು ಬಂದು ಇಲ್ಲಿ ನಾಟಕ ನೋಡಿ ಹೋಗುತ್ತಾರೆ. ನಾನು ಅದರ ಮುಂದೆ ತರಕಾರಿ ಚೀಲ ಹಿಡಿದು ಹಾದುಹೋಗುತ್ತೇನೆ.

ಕುಕ್ಕರಿನ ವಿಷಯದಲ್ಲಿ ಅವರು ಓದಿಕೊಂಡು ಬಂದದ್ದು ನಿಜಕ್ಕೂ ಉಪಯೋಗಕ್ಕೆ ಬಂತು, ಅದನ್ನು ಒಪ್ಪಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ನಾದಿನಿಯ ಮನೆಯಲ್ಲಿ ಬೆಂದಷ್ಟು ಬೇಗ ಬೇಳೆ ನಮ್ಮ ಪಾತ್ರೆಯಲ್ಲಿ ಬೇಯುವುದಿಲ್ಲ. ಕುಕ್ಕರಿನೊಳಗೆ ಒತ್ತಡ ಏರಿ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಹೋದ ಮೇಲೆ ಅಲ್ಲೇ ನಿಲ್ಲುತ್ತದೆ, ಉರಿ ಎಷ್ಟೇ ದೊಡ್ಡದು ಮಾಡಿ. ಕೂಗು ಅಂದರೆ ಹೆಚ್ಚಾದ ಹಬೆ ಹೊರಬೀಳುವುದು, ಅಷ್ಟೆ. ಬೇಳೆ ಬೇಯುವುದು ಕೂಗಿಗಲ್ಲ, ಹೊತ್ತಿಗೆ. ಅದಕ್ಕೇ ಮೊದಲ ಕೂಗಾದ ಮೇಲೆ ಉರಿ ಸಣ್ಣ ಮಾಡಿ ಬಿಟ್ಟುಬಿಟ್ಟರೆ ಗ್ಯಾಸೂ ಉಳಿಯುತ್ತದೆ, ಪಕ್ಕದ ಮನೆಯ ಮಗುವಿನ ನಿದ್ದೆಯೂ ಉಳಿಯುತ್ತದೆ. ಇಷ್ಟು ಹೇಳಿ ಅವರು ಉಳಿತಾಯದ ಕಡೆ ನಾಲ್ಕು ನಿಮಿಷ ಬರೆದುಕೊಂಡರು. ಹೇಳುವುದಕ್ಕೆ ಹಿಡಿದ ಕಾಲು ಗಂಟೆಯನ್ನು ಎಲ್ಲೂ ಬರೆಯಲಿಲ್ಲ.

ಆದರೆ ಅವರು ಓದಿದ ಪುಸ್ತಕಗಳಿಗೆ ನಮ್ಮ ನಲ್ಲಿ ಗೊತ್ತಿಲ್ಲ. ಕಾವೇರಿ ನೀರು ಬಂದ ದಿನ ಬೆಣ್ಣೆಯಾಗುವ ಬೇಳೆ, ಬೋರ್‌ವೆಲ್ ನೀರಿನ ದಿನ ಕಲ್ಲಿನ ಹಾಗೆ ಮುಖ ಬಿಗಿದುಕೊಂಡಿರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನೂ ಬೇಳೆಯ ಒಡಲನ್ನೂ ಗಟ್ಟಿಮಾಡಿಬಿಡುತ್ತದೆ. ಹುಣಸೆಹುಳಿಯದೂ ಅದೇ ಬುದ್ಧಿ. ಬೇಳೆ ಬೇಯುವ ಮುಂಚೆ ಹುಳಿ ಬಿದ್ದರೆ ಮುಗಿಯಿತು, ಸಾಯಂಕಾಲದವರೆಗೂ ಕಾಯಬಹುದು. ಹಾಗಾಗಿ ನಮ್ಮ ಕಡೆಯ ಜಾಣೆಯರು ಕುಡಿಯುವ ನೀರಿನ ಜೊತೆ ಬೇಳೆಗೂ ಒಂದು ಬಿಂದಿಗೆ ಕಾವೇರಿ ಎತ್ತಿಡುತ್ತಾರೆ. ರಾತ್ರಿಯೇ ಕಾಳು ನೆನೆಹಾಕುತ್ತಾರೆ. ಇದು ಯಾವ ಡೈರಿಯಲ್ಲೂ ಜಮಾ ಆಗುವುದಿಲ್ಲ, ಮಲಗುವ ಮುಂಚೆ ಆಗಿಹೋಗಿರುತ್ತದೆ.

ಭಾನುವಾರದ ಮಧ್ಯಾಹ್ನ ಫ್ರಿಜ್ಜಿಗೆ ಡಬ್ಬಿ ತುಂಬುವ ಯೋಜನೆ ಬಂತು. ಕಾಯಿತುರಿ ಫ್ರೀಜರಿಗೆ, ಹುಣಸೆ ರಸ ಕುದಿಸಿ ಗಟ್ಟಿ ಮಾಡಿ ಬಾಟಲಿಗೆ, ಕೊತ್ತಂಬರಿ ಸೊಪ್ಪು ತೊಳೆಯದೆ ಪೇಪರಿನಲ್ಲಿ ಸುತ್ತಿ, ಬೆಳ್ಳುಳ್ಳಿ ಬಿಸಿನೀರಿನಲ್ಲಿ ನೆನೆಸಿ ಸುಲಿದು. ಎಲ್ಲ ಚೆನ್ನಾಗಿದೆ, ಎಲ್ಲ ನಡೆಯುತ್ತದೆ. ಒಂದೇ ತೊಂದರೆ: ಭಾನುವಾರ ಹೋಗುತ್ತದೆ.

ಅಡುಗೆಯನ್ನು ಬರೆದಿಟ್ಟ ಗಂಡಸರಲ್ಲಿ ನಮ್ಮವರೇ ಮೊದಲಿಗರಲ್ಲ. ಮೈಸೂರು ಸೀಮೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದಲ್ಲಿ ಸೂಪಶಾಸ್ತ್ರ ಬರೆದ, ಅಡುಗೆಯ ಪಾಕವನ್ನೆಲ್ಲ ಪದ್ಯದಲ್ಲಿ. ಒಲೆಯ ಮುಂದೆ ನಿಂತವರು ಯಾರೋ, ಛಂದಸ್ಸು ಹೊಂದಿಸಿದವರು ಯಾರೋ ಎಂದು ನನಗೆ ಅನುಮಾನ. ಒಗ್ಗರಣೆ ಸೀಯುತ್ತಿರುವಾಗ ಪ್ರಾಸಕ್ಕೆ ಹುಡುಕಾಡಿದವರು ಯಾರೂ ಇರಲಾರರು.

ಅಡುಗೆಮನೆಯ ಕೆಲವು ಕೆಲಸಕ್ಕೆ ಯಾವ ಉಪಾಯವೂ ಇಲ್ಲ. ಮೆಂತ್ಯ ಸೊಪ್ಪು ಬಿಡಿಸುವುದು ಅಂಥದ್ದು. ಡಿಸೆಂಬರ್, ಜನವರಿಯಲ್ಲಿ ಹಿತಕಬೇಳೆಗೆ ಅವರೆಕಾಳು ಹಿತಕುವುದಂತೂ ಇಡೀ ಮನೆ ಕೂತರೂ ಮುಗಿಯದು. ಈಗ ವಿಜಯನಗರದ ಮಾರ್ಕೆಟ್ಟಿನಲ್ಲಿ ಹಿತಕಿದ ಬೇಳೆಯನ್ನೇ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಕೊಂಡರೆ ಒಂದು ಗಂಟೆ ಉಳಿಯುತ್ತದೆ. ಕೊಳ್ಳುವಾಗ ಯಾರದೋ ಒಂದು ಗಂಟೆಯನ್ನು ಚೌಕಾಸಿ ಮಾಡುತ್ತಿದ್ದೇನೆ ಅನ್ನಿಸಿ, ಹತ್ತು ರೂಪಾಯಿ ಇಳಿಸಿ ಎನ್ನುವ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ನಿಜವಾದ ಉಪಾಯ ಸಿಕ್ಕಿದ್ದು ಹಿಂದಿನ ಬೀದಿಯ ಅಜ್ಜಿಯಿಂದ. ಮಲ್ಲತ್ತಹಳ್ಳಿ ಬರೀ ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇರುವವರು. ಈಗ ಅಪಾರ್ಟ್‌ಮೆಂಟು ನಿಂತಿರುವ ಕಡೆ ರಾಗಿ ಕುಯ್ದವರು. ನಮ್ಮವರ ಡೈರಿಯ ಕಥೆ ಕೇಳಿ ಅಜ್ಜಿ ಕೇಳಿದರು: "ಬಸ್ಸಾರು ಮಾಡಾಕಿಲ್ವೇನವ್ವ ನೀವು? ಒಂದ್ ಪಾತ್ರೆ ಇಕ್ಕು, ಎಲ್ಡ್ ಅಡ್ಗೆ ಆಯ್ತದೆ."

ದಂಟಿನ ಸೊಪ್ಪು, ಹಲಸಂದೆ ಕಾಳು ಒಟ್ಟಿಗೆ ಬೇಯುತ್ತವೆ. ಬಸಿದರೆ ಕಟ್ಟು ಒಂದು ಕಡೆ, ಕಾಳು ಸೊಪ್ಪು ಒಂದು ಕಡೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಕಾಯಿ, ಹುಣಸೆ, ಜೊತೆಗೆ ಬೆಂದ ಕಾಳೇ ಒಂದು ಹಿಡಿ ಹಾಕಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಸಾರು ಕುದಿಯುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಮುದ್ದೆಗೆ ಎಸರು. ಎಸೆಯುವುದು ಏನೂ ಇಲ್ಲ. ಇವತ್ತು ಮಿಕ್ಕಿದ್ದನ್ನು ನಾಳೆ ಬಿಸಿ ಮಾಡಿದರೆ ಇವತ್ತಿಗಿಂತ ರುಚಿ. ಅಂದರೆ ನಾಳೆಯ ಅಡುಗೆಯೂ ಇವತ್ತೇ ಮುಗಿಯಿತು. ಹೊಲಕ್ಕೆ ಹೊತ್ತಾಯಿತು ಎಂದು ಓಡುತ್ತಿದ್ದ ಹೆಂಗಸರು ಕಂಡುಕೊಂಡ ಅಡುಗೆ ಇರಬೇಕು ಇದು. ಅವರ್ಯಾರೂ ಡೈರಿ ಬರೆದವರಲ್ಲ. ನಮ್ಮವರು ಅಂದು ಉಳಿತಾಯದ ಕಡೆ ಮೂವತ್ತೈದು ನಿಮಿಷ ಜಮಾ ಮಾಡಿ ಕೆಳಗೆ ಎರಡು ಗೆರೆ ಎಳೆದರು.

ಇಷ್ಟಾದರೂ ನನ್ನ ಬೆಳಗ್ಗೆಯನ್ನು ನುಂಗುತ್ತಿದ್ದುದು ಒಲೆಯಲ್ಲ. "ಇವತ್ತು ಏನು ಮಾಡ್ಲಿ?" ಎಂಬ ಪ್ರಶ್ನೆ. ಉತ್ತರ ಯಾವಾಗಲೂ "ಏನಾದ್ರೂ ಮಾಡು". ಆ ಏನಾದರೂ ಎನ್ನುವುದರಲ್ಲಿ ಉಪ್ಪಿಟ್ಟು ಸೇರಿರುವುದಿಲ್ಲ ಎಂದು ತಟ್ಟೆ ಮುಂದೆ ಇಟ್ಟ ಮೇಲೆ ಗೊತ್ತಾಗುತ್ತದೆ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಯಾವ ದಿನ ಏನು ಎಂದು ಮೊದಲೇ ಗೊತ್ತು. ಏನಾದ್ರೂ ಕೊಡಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ಮಾದರಿಯಲ್ಲಿ ನಮ್ಮ ಫ್ರಿಜ್ಜಿನ ಮೇಲೂ ವಾರದ ಪಟ್ಟಿ ಬಂತು. ಸೋಮವಾರ ಹುರುಳಿಕಾಳು, ಮಂಗಳವಾರ ಬಸ್ಸಾರು, ಬುಧವಾರ ಬೀನ್ಸ್ ಪಲ್ಯ. ನೆಮ್ಮದಿ ಅಂದರೆ ಹೀಗಿರುತ್ತದೆಯೇ ಅನ್ನಿಸಿತು. ಬುಧವಾರ ಬೆಳಿಗ್ಗೆ ಮೈಕು ಕಟ್ಟಿದ ತಳ್ಳುಗಾಡಿ ಬಂತು, ಅದರಲ್ಲಿ ಎಳೆ ಬದನೆಕಾಯಿ ಇತ್ತು. ಪಟ್ಟಿ ಬರೆದವರೇ ಹೋಗಿ ಎರಡು ಕೆಜಿ ತಂದರು.

"ಪಟ್ಟಿಯಲ್ಲಿ ಬೀನ್ಸ್ ಅಂತ ಇದೆಯಲ್ಲ ರೀ?"

"ಇರ್ಲಿ ಬಿಡೇ. ಇಂಥ ಬದನೆಕಾಯಿ ಮತ್ತೆ ಸಿಗುತ್ತಾ? ಎಣ್ಣೆಗಾಯಿ ಮಾಡು."

ಎಣ್ಣೆಗಾಯಿಗೆ ಮಸಾಲೆ ಹುರಿಯಬೇಕು, ರುಬ್ಬಬೇಕು, ಸೀಳಿದ ಬದನೆಕಾಯಿಗೆ ಒಂದೊಂದಾಗಿ ತುಂಬಬೇಕು. ಸೋಮವಾರ, ಮಂಗಳವಾರ ಉಳಿಸಿದ್ದೆಲ್ಲ ಅಲ್ಲೇ ಡ್ರಾ ಆಯಿತು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಒಂದು ಇಡೀ ಪುಸ್ತಕವನ್ನೇ ಇದರ ಮೇಲೆ ಬರೆದಿದ್ದಾರೆ. ಮನೆಗೆ ಯಂತ್ರಗಳು ಬಂದಷ್ಟೂ ಮನೆಯವರ ನಿರೀಕ್ಷೆ ಬೆಳೆದು, ಅಮ್ಮನ ಕೆಲಸ ಕಡಿಮೆಯಾಗಲಿಲ್ಲ ಎಂದು. ಅವರು ಎಣ್ಣೆಗಾಯಿ ತಿಂದಿರಲಾರರು, ವಿಷಯ ಮಾತ್ರ ಸರಿಯಾಗಿ ತಿಳಿದುಕೊಂಡಿದ್ದಾರೆ.

ನಮ್ಮ ದೇಶದ ಸರ್ಕಾರವೂ ಲೆಕ್ಕ ಇಟ್ಟಿದೆ. ಮನೆಗೆಲಸ ಮಾಡುವ ಹೆಂಗಸರು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, 2024ರಲ್ಲಿ 289 ನಿಮಿಷ. ಐದು ವರ್ಷಕ್ಕೆ ಹತ್ತು ನಿಮಿಷ ಉಳಿತಾಯ. ಗಂಡಸರು? 97 ಇದ್ದದ್ದು 88 ಆಗಿದೆ. ಅವರೂ ಒಂಬತ್ತು ನಿಮಿಷ ಉಳಿಸಿಕೊಂಡಿದ್ದಾರೆ. ಇದನ್ನು ಓದಿ ಹೇಳಿದಾಗ ನಮ್ಮವರು ಡೈರಿ ಮುಚ್ಚಿಟ್ಟು ವಾಕಿಂಗಿಗೆಂದು ಕೆರೆಯ ಕಡೆ ಹೊರಟರು.

ಅಂತೂ ಒಂದು ಶನಿವಾರ ನನ್ನ ಖಾತೆಯಲ್ಲಿ ಒಂದು ಸಂಜೆ ಜಮಾ ಆಯಿತು. ಬಸ್ಸಾರು ಮಿಕ್ಕಿತ್ತು, ಅನ್ನ ಆಗಿತ್ತು, ಕಲಾಗ್ರಾಮದಲ್ಲಿ ಏಳಕ್ಕೆ ನಾಟಕವಿತ್ತು. ಐದೂವರೆಗೆ ಸೀರೆ ಉಟ್ಟು ಹೊರಗೆ ಬಂದರೆ ಇವರು ಫೋನ್ ಇಡುತ್ತಾ, "ಹಳೇ ಬ್ರಾಂಚಿನ ನಾಲ್ಕು ಜನ ಬರ್ತಿದ್ದಾರೆ. ನಾಟಕಕ್ಕೆ ಹೇಗೂ ಒಂದೂವರೆ ಗಂಟೆ ಇದೆಯಲ್ಲ, ಒಂದಿಷ್ಟು ಬಜ್ಜಿ ಕರಿದುಬಿಡ್ತೀಯಾ?" ಎಂದರು.

"ಕಡಲೆಹಿಟ್ಟು ಮೇಲಿನ ಶೆಲ್ಫಿನಲ್ಲಿದೆ, ಮೆಣಸಿನಕಾಯಿ ಫ್ರಿಜ್ಜಿನಲ್ಲಿದೆ, ಓಮ ಚಿಕ್ಕ ಡಬ್ಬಿಯಲ್ಲಿದೆ," ಎಂದು ಹೇಳಿ ಚಪ್ಪಲಿ ಮೆಟ್ಟಿದೆ.

ದಾರಿಯಲ್ಲಿ ಹೋಗುತ್ತಿದ್ದಾಗಲೇ ಫೋನ್ ಬಂತು: ಹಿಟ್ಟು ಎಷ್ಟು ತೆಳ್ಳಗಿರಬೇಕು? ಗೇಟಿನ ಹತ್ತಿರ ಇನ್ನೊಂದು: ಎಣ್ಣೆ ಕಾದಿದೆ ಅಂತ ಹೇಗೆ ಗೊತ್ತಾಗುತ್ತೆ? ಕುರ್ಚಿಯಲ್ಲಿ ಕೂತಾಗ ಮೂರನೆಯದು ಬಂತು, ಸೋಡದ ಬಗ್ಗೆ. ಅಷ್ಟರಲ್ಲಿ ವೇದಿಕೆಯಿಂದ ದಯವಿಟ್ಟು ಎಲ್ಲರೂ ಮೊಬೈಲ್ ಆಫ್ ಮಾಡಿ ಎಂದು ಕೇಳಿಕೊಂಡರು. ಆ ಇಡೀ ಸಭೆಯಲ್ಲಿ ಅವರ ಮಾತಿಗೆ ಮೊದಲು ಬೆಲೆ ಕೊಟ್ಟವಳು ನಾನು.