ಪ್ರೇಕ್ಷಾಗೃಹ ಉಪದ್ರವ ಮೀಮಾಂಸೆ

ಪೀಠಿಕೆ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಿಂದ ಸಿನಿಮಾ ನೋಡಲೆಂದು ಕಲಬುರಗಿಗೆ ಹೊರಟವನು ಮೊದಲು ಬಸ್ಸಿನ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುತ್ತಾನೆ. ಆಮೇಲೆ ಥಿಯೇಟರಿಗೆ ಹೋಗಿ, ಈ ಮಂದಿಗೆ ರೀತಿ ರಿವಾಜು ಗೊತ್ತಿಲ್ಲವೆಂದು ಪೇಚಾಡುತ್ತಾನೆ. ಈ ಎರಡು ಕ್ರಿಯೆಗಳ ಸಂಬಂಧವನ್ನು ಯಾವ ಶಾಸ್ತ್ರಕಾರನೂ ಪರಿಶೀಲಿಸಿಲ್ಲ. ನಮ್ಮ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಆದರೂ ‘ಹಿಂದಿನ ಸೀಟಿನವನ ಕಾಲು’ ಎಂಬ ವಿಷಯಕ್ಕೆ ಒಂದು ಪೀಠ ಸಿಕ್ಕಿಲ್ಲ. ಪೀಠಕ್ಕೇ ಒದೆಯುವ ವಿಷಯವಾದ್ದರಿಂದ ಇರಬಹುದು. ಹೀಗಾಗಿ ಸಂಶೋಧನೆಯ ಭಾರ ಪ್ರಸ್ತುತ ಲೇಖಕನ ಹೆಗಲಿಗೆ, ಸರಿಯಾಗಿ ಹೇಳಬೇಕೆಂದರೆ ಬೆನ್ನಿಗೆ, ಬಿದ್ದಿದೆ.

ಲಕ್ಷಣ

ಯಾವುದೇ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷ ತಟ್ಟಬಾರದೆಂದು ತಾರ್ಕಿಕರು ವಿಧಿಸಿದ್ದಾರೆ. ‘ಸದ್ದು ಮಾಡುವವನು ಉಪದ್ರವಿ’ ಎಂದರೆ ಪರದೆಯ ಮೇಲಿನ ನಾಯಕನೂ ಅದರಲ್ಲಿ ಸಿಕ್ಕಿಬೀಳುತ್ತಾನೆ, ಅತಿವ್ಯಾಪ್ತಿ. ‘ಸೀಟಿಗೆ ಒದೆಯುವವನು’ ಎಂದರೆ ಬಾಯಲ್ಲೇ ಕೆಲಸ ಮುಗಿಸುವವನು ಪಾರಾಗುತ್ತಾನೆ, ಅವ್ಯಾಪ್ತಿ. ‘ಕೇಳಿಕೊಂಡರೆ ಸುಮ್ಮನಾಗುವವನು’ ಎಂಬುದು ಶುದ್ಧ ಅಸಂಭವ. ಬಹಳ ಯೋಚಿಸಿ ಲೇಖಕ ಕಂಡುಕೊಂಡ ಲಕ್ಷಣ ಇಷ್ಟು: ‘ಥಿಯೇಟರಿನಲ್ಲಿ ನಾನಲ್ಲದವನು ಉಪದ್ರವಿ.’ ಇದರಲ್ಲಿ ಮೂರರ ಪೈಕಿ ಒಂದು ದೋಷವೂ ಕಾಣದು.

ಪರಂಪರೆ

ಈ ಪಿಡುಗು ಮೊಬೈಲಿನ ಜೊತೆ ಬಂದಿತೆಂಬುದು ಅಜ್ಞಾನ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಗಲಾಟೆಯಿದೆ. ದೇವತೆಗಳು ದೈತ್ಯರನ್ನು ಸೋಲಿಸಿದ ಕಥೆ ಮೊಟ್ಟಮೊದಲು ರಂಗಕ್ಕೆ ಬಂದಾಗ ಸೋತ ಕಡೆಯವರೂ ನೋಡಲು ಬಂದಿದ್ದರು. ವಿರೂಪಾಕ್ಷನೆಂಬವನ ಮುಂದಾಳುತನದಲ್ಲಿ ವಿಘ್ನರೆಂಬ ಅಡ್ಡಿಕೋರರು ನಟರ ಮಾತು, ನಡೆ, ನೆನಪು ಎಲ್ಲವನ್ನೂ ಕಟ್ಟಿಹಾಕಿದರು. ಇಂದ್ರ ಧ್ವಜದ ಕೋಲನ್ನೇ ಕಿತ್ತುಕೊಂಡು ಅವರನ್ನು ಬಡಿದು ಜರ್ಜರ ಮಾಡಿದ; ಕೋಲಿಗೂ ಜರ್ಜರವೆಂದೇ ಹೆಸರಾಯಿತು. ಅದರ ಇಂದಿನ ರೂಪ ಗೇಟ್‌ಕೀಪರನ ಬ್ಯಾಟರಿ. ಇಷ್ಟಾದರೂ ಕಾಟ ನಿಲ್ಲದಾಗ ಬ್ರಹ್ಮ ವಿಶ್ವಕರ್ಮನನ್ನು ಕರೆದು ನಾಟ್ಯಗೃಹ ಕಟ್ಟಿಸಿದ. ಅಂದಮೇಲೆ ಥಿಯೇಟರ್ ಹುಟ್ಟಿದ್ದು ಪ್ರೇಕ್ಷಕರಿಗಾಗಿ ಅಲ್ಲ, ಪ್ರೇಕ್ಷಕರ ಕಾಟಕ್ಕಾಗಿ.

ಅದೇ ಗ್ರಂಥ ಮುಂದೆ ಪ್ರಯೋಗಕ್ಕೆ ಒದಗುವ ಘಾತಗಳನ್ನು ಎಣಿಸುವಾಗ, ಆಗದವರು ಸೆಗಣಿ, ಮಣ್ಣಿನ ಹೆಂಟೆ, ಇರುವೆ ಎಸೆಯುವುದನ್ನೂ ಹೇಳುತ್ತದೆ. ಮನೆಯಿಂದ ಇರುವೆ ಕಟ್ಟಿಕೊಂಡು ನಾಟಕಕ್ಕೆ ಹೊರಟವನ ತಯಾರಿಯ ಮುಂದೆ ನಮ್ಮ ಶೇಂಗಾ ಸಿಪ್ಪೆ ಯಾವ ಲೆಕ್ಕ?

ಮಧ್ಯಯುಗವೆಂದರೆ ಟೆಂಟ್ ಟಾಕೀಸಿನ ಕಾಲ. ನೆಲದ ಟಿಕೆಟಿನವನು ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತರೆ, ಹಿಂದಿನವನು ಅದಕ್ಕಿಂತ ಒಂದು ಗೇಣು ಎತ್ತರ ಮಾಡುತ್ತಿದ್ದ. ಇಂಟರ್ವಲ್ ಹೊತ್ತಿಗೆ ನೆಲದವರು ಬೆಂಚಿನವರ ಭುಜ ಮುಟ್ಟುತ್ತಿದ್ದರು. ಸಮಾನತೆ ಅಷ್ಟು ಅಗ್ಗವಾಗಿ ಇನ್ನೆಲ್ಲೂ ಸಿಕ್ಕಿಲ್ಲ.

ಪ್ರಭೇದ

ಒಂದು, ಪಾದಪ್ರಹಾರಿ. ನಾಯಕ ಖಳನಾಯಕನಿಗೆ ಕೊಡುವ ಒದೆತವನ್ನು ನಿಮ್ಮ ಬೆನ್ನಿಗೆ ತಲುಪಿಸುತ್ತಾನೆ. ಇವನಿರುವ ಕಡೆ ಡಾಲ್ಬಿ ಬೇಕಿಲ್ಲ.

ಎರಡು, ರುಮಾಲಧಾರಿ. ಇವರು ಹಿರಿಯರು, ಮಾತಾಡುವುದಿಲ್ಲ. ಇವರ ಹಿಂದೆ ಕೂತವನು ಅರ್ಧ ಸಿನಿಮಾವನ್ನು ಕಿವಿಯಿಂದಲೇ ನೋಡುತ್ತಾನೆ.

ಮೂರು, ಕಥಾಪೂರ್ವಜ್ಞ. ‘ಈಗ ನೋಡು, ಅವ ಸಾಯ್ತಾನ’ ಎನ್ನುವವನು. ಇವನ ವಂಶಮೂಲ ನಮ್ಮ ಜಿಲ್ಲೆಯದೇ ಆದ ಸೇಡಂ ತಾಲ್ಲೂಕಿನ ಮಳಖೇಡದಲ್ಲಿದೆ. ಅಲ್ಲಿನ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡಿಗರು ಓದದೆಯೇ ಕಾವ್ಯ ಬಲ್ಲವರೆಂದು ಹೊಗಳಿತು. ಅವರ ಮರಿಮೊಮ್ಮಗ ನೋಡದೆಯೇ ಸಿನಿಮಾ ಬಲ್ಲ. ಬಹುತೇಕ ಸಲ ಅವನು ಹೇಳಿದ್ದೇ ನಿಜವಾಗುವುದು ಸಹೃದಯರಿಗೆ ಇನ್ನಷ್ಟು ಸಂಕಟ.

ನಾಲ್ಕು, ದೂರವಾಣೀಶ. ಇವನ ವಿಚಾರ ಪ್ರಯೋಗ ಪ್ರಕರಣದಲ್ಲಿ ಬರುತ್ತದೆ.

ದಾಯವಿಭಾಗ

ಎರಡು ಕುರ್ಚಿಗಳ ನಡುವೆ ಇರುವ ಒಂದೇ ಕೈ ಯಾರದು? ಉತ್ತರಕ್ಕೆ ಜಿಲ್ಲೆ ದಾಟಬೇಕಿಲ್ಲ. ನಮ್ಮ ಮರ್ತೂರಿನವನೆನ್ನುವ ವಿಜ್ಞಾನೇಶ್ವರ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ‘ಮಿತಾಕ್ಷರ’ದ ಪ್ರಕಾರ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು. ಬಂಗಾಳದ ಜೀಮೂತವಾಹನನ ‘ದಾಯಭಾಗ’ದಲ್ಲಿ ಅಪ್ಪ ಹೋದಮೇಲಷ್ಟೇ ಹಕ್ಕು. ಇದನ್ನು ಕುರ್ಚಿಯ ಕೈಗೆ ಅನ್ವಯಿಸಿ: ಮಿತಾಕ್ಷರದವನು ಕೂತ ಗಳಿಗೆಯಲ್ಲೇ ಮೊಳಕೈ ಊರುತ್ತಾನೆ, ದಾಯಭಾಗದವನು ಪಕ್ಕದವನು ಮೂತ್ರಕ್ಕೆ ಎದ್ದುಹೋಗುವವರೆಗೆ ಕಾಯುತ್ತಾನೆ. ಕಲಬುರಗಿಯಲ್ಲಿ ಲೇಖಕನಿಗೆ ಇದುವರೆಗೆ ಒಬ್ಬನೇ ಒಬ್ಬ ದಾಯಭಾಗದವನೂ ಸಿಕ್ಕಿಲ್ಲ. ಜಿಲ್ಲಾಭಿಮಾನ ಅಂದರೆ ಇದು.

ಉಪಾಯ ಚತುಷ್ಟಯ

ಸಾಮ: ‘ಅಣ್ಣಾರ, ಜರಾ ಕಾಲು ತಗೀರಿ’ ಎನ್ನುವುದು. ಫಲ: ಆ ಕಾಲು ತೆಗೆದು ಈ ಕಾಲು ಇಡುತ್ತಾನೆ.

ದಾನ: ಶೇಂಗಾ ಕೊಡುವುದು. ಫಲ: ಸ್ನೇಹ ಬೆಳೆದು, ಅವನು ಅಲ್ಲಿಯವರೆಗಿನ ಕಥೆಯನ್ನೂ ಹೇಳತೊಡಗುತ್ತಾನೆ.

ಭೇದ: ‘ನಿಮ್ಮ ಜೋಡಿ ಬಂದವರು ಎಷ್ಟು ಶಾಣ್ಯಾ ಅದಾರ’ ಎನ್ನುವುದು. ಫಲ: ಇಬ್ಬರೂ ಒಂದಾಗಿ ಲೇಖಕನ ಕಡೆ ನೋಡುತ್ತಾರೆ.

ದಂಡ: ಇಂದ್ರನಿಗೆ ಬಿಟ್ಟದ್ದು. ಲೇಖಕನ ಮೈಕಟ್ಟು ಈ ಪ್ರಕರಣವನ್ನು ವಿಸ್ತರಿಸಲು ಅನುಕೂಲವಾಗಿಲ್ಲ.

ಪ್ರಯೋಗ

ತೊಗರಿ ರಾಶಿ ಮುಗಿದ ದಿನಗಳು. ಮಧ್ಯಾಹ್ನದ ಆಟ, ಹೌಸ್‌ಫುಲ್. ಕ್ಲೈಮ್ಯಾಕ್ಸ್‌ನಲ್ಲಿ ನಾಯಕಿ ನೇಣುಗಂಬದ ಕೆಳಗಿದ್ದಾಳೆ, ಸಂಗೀತ ನಿಂತಿದೆ, ಯಾರೂ ಉಸಿರಾಡುತ್ತಿಲ್ಲ. ಆಗ ಹಿಂದಿನ ಸಾಲಿನಲ್ಲಿ ಫೋನು ಹೊಡೆದುಕೊಂಡಿತು.

‘ಹಲೋ... ಹ್ಞಾಂ, ಪಿಚ್ಚರ್‌ದಾಗ ಇದ್ದೀನಿ, ಹೇಳು... ತೊಗರಿ? ಇವತ್ತ ಎಷ್ಟ ಆತು?’

ಲೇಖಕ ಶಾಸ್ತ್ರೋಕ್ತವಾಗಿ ಸಾಮೋಪಾಯಕ್ಕೆ ಸಿದ್ಧನಾಗಿ ತಿರುಗಿದ. ಆದರೆ 2019ರಲ್ಲಿ ಜಿಐ ಮಾನ್ಯತೆ ಪಡೆದ ಬೇಳೆಯ ನಾಡು ಇದು. ಲೇಖಕನ ಮನೆಯಲ್ಲೂ ಹದಿನೆಂಟು ಚೀಲ ರೇಟಿಗಾಗಿ ಕಾದು ಕೂತಿದ್ದವು. ‘ಸುಮ್ಮ ಕುಂದರ್ರಿ’ ಎನ್ನಲು ತೆರೆದ ಬಾಯಿಂದ ಇಡೀ ಥಿಯೇಟರಿಗೆ ಕೇಳುವಂತೆ ಹೊರಬಿದ್ದ ಮಾತು: ‘ಎಷ್ಟ ಆತಂತ್ರಿ?’

ಮುಂದಿನ ಸೀಟಿನ ರುಮಾಲು ನಿಧಾನವಾಗಿ ತಿರುಗಿತು. ‘ಯಾಕ್ರೀ, ನಮಗ ಪಿಚ್ಚರ್ ನೋಡ್ಲಾಕ ಬಿಡ್ತೀರೋ ಇಲ್ಲೋ?’

ಉಪಸಂಹಾರ

ಲಕ್ಷಣ ಬಿದ್ದುಹೋಯಿತೆಂದು ವಾಚಕರು ತಿಳಿಯಬಾರದು. ‘ನಾನಲ್ಲದವನು ಉಪದ್ರವಿ’ ಎಂಬುದು ಈಗಲೂ ದೋಷರಹಿತವೇ. ರುಮಾಲಿನವರೂ ಅದನ್ನೇ ಬಳಸಿದರು. ಥಿಯೇಟರಿನಲ್ಲಿ ಎಷ್ಟು ಟಿಕೆಟ್ ಹರಿದಿರುತ್ತವೋ ಅಷ್ಟು ‘ನಾನು’ ಇರುತ್ತಾರೆಂಬುದನ್ನು ಲೇಖಕ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆಳಂದದ ಗಾಡಿ ತುಂಬಿತ್ತು. ಲೇಖಕನ ಟವೆಲ್ ಕಿಟಕಿಗೆ ತಾಗಿ ಹೊರಕ್ಕೇ ಬಿತ್ತು. ಒಳಗೆ ಒಂದೇ ಜಾಗ. ಅದರ ಮೇಲೂ ಬಿಚ್ಚಿ ಹಾಕಿದ ರುಮಾಲಿತ್ತು. ಪಕ್ಕದಲ್ಲಿ ಕೂತಿದ್ದ ಬರಿದಲೆಯ ಹಿರಿಯರು ಲೇಖಕನನ್ನು ಗುರುತಿಸಿದರು. ಒಂದು ಗಳಿಗೆ ನೋಡಿ, ರುಮಾಲು ಎತ್ತಿಕೊಂಡರು.

‘ಕುಂದರ್ರಿ,’ ಅಂದರು. ‘ಏನಂದ್ರಿ ಅವ, ತೊಗರಿ ಎಷ್ಟ ಆತಂತ?’