ಬೂಷ್ಟಿಗೂ ಬಾಡಿಗೆ ಕರಾರು

ಮಡಿಕೇರಿಯ ಜುಲೈ. ಬೀರು ಸರಿಸಿದರೆ ಹಿಂದಿನ ಗೋಡೆಯ ತುಂಬ ಕಪ್ಪು ಚುಕ್ಕೆಗಳ ಸಂಸಾರ. ಮದುವೆಯ ಕೋಟಿನ ಕಾಲರಿಗೆ ಹಸಿರು ಬೂಷ್ಟು. ಓನರ್ ಮೂಗು ಮುಚ್ಚಿಕೊಂಡೇ ವಿಚಾರಣೆ ಶುರುಮಾಡಿದರು.

"ನೀವು ಕಿಟಕಿ ತೆಗೆಯೋದೇ ಇಲ್ವಾ?"

"ತೆಗೆದ್ರೆ ಮೋಡವೇ ಒಳಗೆ ಬರುತ್ತೆ ಸಾರ್."

"ಒಳಗೇ ಬಟ್ಟೆ ಒಣಗಿಸ್ತೀರಿ!"

"ಹೊರಗೆ ಹಾಕಿದ್ರೆ ದಸರಾಕ್ಕೆ ಒಣಗುತ್ತೆ."

ಓನರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಡುಗೆಯ ಹಬೆ, ಬಿಸಿನೀರಿನ ಸ್ನಾನ, ಒದ್ದೆ ಬಟ್ಟೆ ಎಲ್ಲದರ ತೇವ ತಣ್ಣನೆಯ ಹೊರಗೋಡೆಗೆ ತಾಗಿದರೆ ನೀರಾಗುತ್ತದೆ. ಬೀರುವಿನ ಹಿಂದೆ ಗಾಳಿಯಾಡದು. ಬೂಷ್ಟಿಗೆ ಅಷ್ಟು ಸಾಕು. ಆದರೆ ಗೋಡೆಯೇ ಹೊರಗಿನಿಂದ ನೀರು ಕುಡಿಯುತ್ತಿದ್ದರೆ? ಬಾಡಿಗೆಯವರು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿದ್ದರು. ಹನಿ ಮುಂಬದಿಯಲ್ಲಿದ್ದರೆ ಮನೆಯೊಳಗಿನ ಹಬೆಯದು, ಹಿಂಬದಿಯಲ್ಲಿದ್ದರೆ ಗೋಡೆಯದು. ಕಿತ್ತು ತೋರಿಸಿದರು. ಹಿಂಬದಿ ತೊಪ್ಪೆ!

"ಒಂದು ಕೋಟ್ ಪೇಂಟ್ ಹೊಡೆಸಿದ್ರಾಯ್ತು."

"ಹೋದ ವರ್ಷದ ಪೇಂಟಿನ ಮೇಲೇ ಬೆಳೆದಿದೆ ಸಾರ್. ಹೊರಗಿನ ಬಿರುಕು ಮುಚ್ಚಿಸಿ."

"ಮಳೆಯಲ್ಲಿ ಸಿಮೆಂಟ್ ನಿಲ್ಲಲ್ಲ. ಮಳೆ ಹೋಗ್ಲಿ."

"ಹೋದ ಸಲ ಮಳೆ ಹೋದ ಮೇಲೂ ಮಾಡಿಸ್ಲಿಲ್ಲ!"

"ಆಗ ಸೋರ್ತಾ ಇರ್ಲಿಲ್ವಲ್ಲ."

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ರಿಪೇರಿಯನ್ನೂ ಸುಣ್ಣಬಣ್ಣವನ್ನೂ ಮಾಲೀಕರ ಲೆಕ್ಕಕ್ಕೆ ಬರೆದಿದೆ. ಮನೆಯ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂದೂ ಹೇಳಿದೆ. ರಾಜ್ಯಗಳು ಒಪ್ಪಿದರೆ ಮಾತ್ರ, ಅಷ್ಟೇ. ಬಾಡಿಗೆಯವರು ಇದನ್ನು ಓದಿ ಹೇಳಿದರು.

ಓನರ್ ತಲೆದೂಗಿದರು. "ಒಳ್ಳೇದು. ಖಾಲಿ ಮಾಡುವಾಗ ಪೇಂಟಿಂಗ್ ಚಾರ್ಜು ಅಡ್ವಾನ್ಸಲ್ಲಿ ಹಿಡ್ಕೋತೀನಿ."