ಜೂನ್ ತಿಂಗಳ ಕಾಲಜ್ಞಾನ

ಕಾಲಜ್ಞಾನದ ಮಟ್ಟಿಗೆ ನಮ್ಮ ಚಿಂತಾಮಣಿ ತಾಲ್ಲೂಕು ಸ್ವಾವಲಂಬಿ. ಮುಂದೆ ಬರುವ ಕಾಲ ಹೇಗಿರುತ್ತದೆಂದು ಕೈವಾರದ ತಾತಯ್ಯನವರು ಎಂದೋ ಹೇಳಿಟ್ಟು ಹೋಗಿದ್ದಾರೆ. ನಂಬುವವರು ನಂಬುತ್ತಾರೆ, ನಂಬದವರು ಪ್ರಸಾದ ತಿಂದು ಬರುತ್ತಾರೆ. ಇಷ್ಟಿದ್ದೂ ಊರಿನ ಕೆಲವರಿಗೆ ಸಾಲದು. ಅವರು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಂದು ದಿನ ರಾತ್ರಿ ಹತ್ತೂವರೆಗೆ ಕ್ಯಾಲಿಫೋರ್ನಿಯಾದ ಕುಪರ್ಟಿನೊ ಕಡೆಗೆ ಮುಖ ಮಾಡಿ ಕೂರುತ್ತಾರೆ. ಈ ವರ್ಷ ಏನೇನು ಹುಟ್ಟುತ್ತದೆ ಎಂದು ಆಪಲ್ ಕಂಪನಿಯವರು ಅಲ್ಲಿಂದ ಸಾರುತ್ತಾರೆ. ಏನೇನು ಸಾಯುತ್ತದೆ ಎಂಬುದಕ್ಕೆ ಹೆಚ್ಚಾಗಿ ಅಷ್ಟು ಸಂಗೀತ, ಅಷ್ಟು ಬೆಳಕು ಇರುವುದಿಲ್ಲ.

ಈ ಭಕ್ತರು ಯಾರೆಂದರೆ, 2002ರ ಸುಮಾರಿಗೆ ಟ್ಯೂಷನ್ನಿಗೆಂದು ಮನೆಯಿಂದ ಹೊರಟು ಸೈಬರ್ ಸೆಂಟರಿನಲ್ಲಿ ಇಳಿದ ನಮ್ಮೂರ ಹುಡುಗರು. ಏಜ್ ಆಫ್ ಎಂಪೈರ್ಸ್ ಎರಡನೇ ಭಾಗದಲ್ಲಿ ಮರ ಕಡಿದು, ಕುರಿ ಹಿಡಿದು, ಕೋಟೆ ಕಟ್ಟಿ, ಪಕ್ಕದ ಕ್ಯಾಬಿನ್ನಿನಲ್ಲಿ ಕೂತ ಸಹಪಾಠಿಯ ರಾಜ್ಯಕ್ಕೆ ಬೆಂಕಿ ಇಟ್ಟವರು. ಆಮೇಲೆ ಎಂಜಿನಿಯರಿಂಗ್, ಆಮೇಲೆ ವೈಟ್‌ಫೀಲ್ಡ್, ಆಮೇಲೆ ಲಕ್ಷ ದಾಟಿದ ಮ್ಯಾಕ್‌ಬುಕ್. ಈಗ ನಲವತ್ತು ಹತ್ತಿರವಾಗಿ, ಬಿ.ಪಿ. ಮಾತ್ರೆ ಶುರುವಾಗಿ, ಶನಿವಾರ ಊರಿಗೆ ಬಂದಾಗ ಇದ್ದಕ್ಕಿದ್ದಂತೆ ಮತ್ತೆ ಕೋಟೆ ಕಟ್ಟುವ ಆಸೆ. ಆ ಆಟ 1999ರಲ್ಲಿ ಬಂದಾಗ ಕೇಳಿದ್ದು 166 ಮೆಗಾಹರ್ಟ್ಸ್‌ನ ಪೆಂಟಿಯಂ ಮತ್ತು 32 ಎಂಬಿ ಮೆಮೊರಿ. ಇವರ ತೊಡೆಯ ಮೇಲಿರುವುದು 16 ಜಿಬಿ. ಅಂದರೆ 512 ಪಟ್ಟು. ಆಟ ಓಡುವುದಿಲ್ಲ.

ಡಿಸ್ಕ್ ಹಾಕಲು ಬಾಯಿಯೇ ಇಲ್ಲವೆಂಬ ಮಾತು ಬಿಡಿ, ಅದು ಚಿಲ್ಲರೆ ತೊಂದರೆ. ಪೂರ್ತಿ ಕಾರಣ ತಿಳಿಯಬೇಕಾದರೆ ಕಂಪನಿಯ ವಂಶಾವಳಿ ಓದಬೇಕು. ಮ್ಯಾಕ್‌ನ ಎದೆಯಲ್ಲಿ ಮೊದಲಿದ್ದದ್ದು ಮೊಟೊರೊಲಾ ಚಿಪ್. 1994ರಲ್ಲಿ ಅದನ್ನು ಕಿತ್ತು ಪವರ್‌ಪಿಸಿ ಕೂರಿಸಿದರು. 2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ವೇದಿಕೆ ಹತ್ತಿ, ಪವರ್‌ಪಿಸಿ ಸಾಕು, ಇನ್ನು ಮುಂದೆ ಇಂಟೆಲ್ ಎಂದರು. 2020ರಲ್ಲಿ ಇಂಟೆಲ್ಲೂ ಸಾಕಾಗಿ ಸ್ವಂತ ಎಂ1 ಬಂತು. ಪ್ರತಿ ಪಟ್ಟಾಭಿಷೇಕಕ್ಕೂ ಹಳೆಯ ಪ್ರಜೆಗಳಿಗೆ ಹೊಸ ರಾಜನ ಮಾತು ತಿಳಿಯುವುದಿಲ್ಲ. ಅದಕ್ಕೆ ಕಂಪನಿ ಒಬ್ಬ ದುಭಾಷಿಯನ್ನು ನೇಮಿಸುತ್ತದೆ (ಕಳೆದ ಎರಡು ಸಲವೂ ಅವನ ಹೆಸರು ರೊಸೆಟ್ಟಾ), ಕೆಲವು ವರ್ಷಕ್ಕೆ ವಾಪಸು ಕರೆಸಿಕೊಳ್ಳುತ್ತದೆ. ಮ್ಯಾಕ್‌ಸಾಫ್ಟ್ ಎಂಬ ಸಂಸ್ಥೆ ಏಜ್ ಆಫ್ ಎಂಪೈರ್ಸ್ ಎರಡನೇ ಭಾಗವನ್ನು 2001ರಲ್ಲಿ ಪವರ್‌ಪಿಸಿ ಮ್ಯಾಕ್‌ಗೆ ತಂದಿತ್ತು. ಮ್ಯಾಕ್ ಓಎಸ್‌ನ 2011ರ ಲಯನ್ ಆವೃತ್ತಿಯಲ್ಲಿ ದುಭಾಷಿ ಮನೆಗೆ ಹೋದ, ಅವನ ಹಿಂದೆಯೇ ಆಟವೂ ಹೋಯಿತು. ಇಂಟೆಲ್ ಮೇಲೆ ಓಡುತ್ತಿದ್ದ ಮೂರನೇ ಭಾಗ ಇನ್ನಷ್ಟು ದಿನ ಉಸಿರಾಡಿತು. 2019ರ ಅಕ್ಟೋಬರ್‌ನಲ್ಲಿ ಕ್ಯಾಟಲಿನಾ ಆವೃತ್ತಿ ಬಂದು 32-ಬಿಟ್ ಪ್ರೋಗ್ರಾಂಗಳಿಗೆಲ್ಲ ಒಟ್ಟಿಗೆ ಎಳ್ಳುನೀರು ಬಿಟ್ಟಿತು. ಸಿವಿಲೈಸೇಷನ್ ನಾಲ್ಕನೇ ಭಾಗಕ್ಕೂ ಅದೇ ಗತಿ. ಮಾನವಕುಲದ ಆರು ಸಾವಿರ ವರ್ಷವನ್ನು ಆಡಿಸುವ ಆಟ ಮ್ಯಾಕ್ ಮೇಲೆ ಬದುಕಿದ್ದು ಹದಿಮೂರು ವರ್ಷ.

ಯಂತ್ರಕ್ಕೆ ಶಕ್ತಿ ಸಾಲದೆ ಹೀಗಾಯಿತು ಎಂದುಕೊಳ್ಳಬೇಡಿ. 2019ರ ಇಂಟೆಲ್ ಚಿಪ್ 32-ಬಿಟ್ ಪ್ರೋಗ್ರಾಂಗಳನ್ನು ಸಲೀಸಾಗಿ ನಡೆಸುತ್ತಿತ್ತು. ಅದೇ ಮ್ಯಾಕ್‌ಗೆ ಬೂಟ್‌ಕ್ಯಾಂಪ್ ಮೂಲಕ ವಿಂಡೋಸ್ ಹಾಕಿದರೆ ಆಟ ಜೀವ ಬಂದು ಎದ್ದು ಕೂರುತ್ತಿತ್ತು. ಆಪಲ್ ತೆಗೆದದ್ದು ಆ ಪ್ರೋಗ್ರಾಂಗಳು ಆತುಕೊಂಡಿದ್ದ ಹಳೆಯ ಲೈಬ್ರರಿಗಳನ್ನು. ಎರಡೆರಡು ಸೆಟ್ ಸಾಕುವುದು ಖರ್ಚು, ತಲೆನೋವು. ಲಾಭದಲ್ಲಿ ಮುಳುಗೇಳುವ ಕಂಪನಿಗೆ ಇಂಥ ಖರ್ಚು ಎಷ್ಟು ಭಾರವೆಂಬುದು ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು! ಆಟದ ಚಿಹ್ನೆ ಒತ್ತಿದರೆ ಒಂದು ವಿನಯದ ಸಂದೇಶ ಬರುತ್ತದೆ: ಇದನ್ನು ಮಾಡಿದವರು ಇದನ್ನು ಸರಿಪಡಿಸಬೇಕು, ಅವರನ್ನೇ ಸಂಪರ್ಕಿಸಿ. ಮಾಡಿದ ಕಂಪನಿ ಬಾಗಿಲು ಹಾಕಿಕೊಂಡು ಹೋಗಿದ್ದರೂ ವಿನಯಕ್ಕೆ ಕೊರತೆಯಿಲ್ಲ.

ಇದನ್ನು ನಮ್ಮ ಕಂದಾಯ ಇಲಾಖೆಯ ಪಕ್ಕದಲ್ಲಿ ಇಟ್ಟು ನೋಡಿ. (ಕಂದಾಯ ಇಲಾಖೆಯನ್ನು ಹೊಗಳುವ ಕಾಲ ಬರುತ್ತದೆಂದು ಯಾವ ಕಾಲಜ್ಞಾನದಲ್ಲೂ ಇರಲಾರದು.) 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು, ಚಿಂತಾಮಣಿ ಈ ಕಡೆಗೆ ಬಂತು. ಅದೇ ವರ್ಷ ಆಪಲ್ ಲೆಪರ್ಡ್ ಆವೃತ್ತಿ ತಂದು, ಹಳೆಯ ಕ್ಲಾಸಿಕ್ ಕಾಲದ ಪ್ರೋಗ್ರಾಂಗಳ ಕೈಬಿಟ್ಟಿತು. ಕೋಲಾರ ಜಿಲ್ಲೆ ಎಂದು ಬರೆದ ಕ್ರಯಪತ್ರ ಹಿಡಿದು ಈಗ ತಾಲ್ಲೂಕು ಕಚೇರಿಗೆ ಹೋದರೆ ನಾಳೆ ಬಾ ಅನ್ನಬಹುದು, ಸರ್ವರ್ ಡೌನ್ ಅನ್ನಬಹುದು, ಸಾಹೇಬರು ಮೀಟಿಂಗಲ್ಲಿದ್ದಾರೆ ಅನ್ನಬಹುದು. ಆದರೆ ‘ಈ ಜಮೀನು ಹೊಸ ಜಿಲ್ಲೆಯಲ್ಲಿ ತೆರೆಯುವುದಿಲ್ಲ, ಜಮೀನು ಮಾಡಿದವರನ್ನು ಸಂಪರ್ಕಿಸಿ’ ಎಂದು ಈವರೆಗೆ ಯಾವ ಗುಮಾಸ್ತರೂ ಅಂದದ್ದಿಲ್ಲ.

ಲಯನ್ ವಿಷಯಕ್ಕೆ ಬಂದರೆ ಕನ್ನಡಿಗರು ಬಾಯಿ ತೆರೆಯುವಂತಿಲ್ಲ. ಮ್ಯಾಕ್ ಜತೆಯಲ್ಲೇ ಕನ್ನಡ ಫಾಂಟು ಬಂದದ್ದು ಅದೇ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಫಾಂಟನ್ನು ನಾವೇ ಎಲ್ಲಿಂದಲಾದರೂ ತಂದು ಹಾಕಿಕೊಳ್ಳಬೇಕಿತ್ತು. ಒಂದು ಕೈಯಲ್ಲಿ ಕನ್ನಡ ಕೊಟ್ಟು ಇನ್ನೊಂದು ಕೈಯಲ್ಲಿ ಕೋಟೆ ಕಿತ್ತುಕೊಂಡರು. ನಮ್ಮವರು ಅಕ್ಷರ ಕಂಡು ಪುಳಕಗೊಂಡು, ಆ ಪುಳಕವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಹಂಚಿಕೊಂಡರು.

ಇಷ್ಟರಲ್ಲಿ ವಿಂಡೋಸ್ ಕಡೆ ಬೇರೆಯೇ ನಾಟಕ ನಡೆದಿತ್ತು. ಏಜ್ ಆಫ್ ಎಂಪೈರ್ಸ್ ಎರಡನೇ ಭಾಗಕ್ಕೆ 2019ರಲ್ಲಿ ಹೊಸ ಬಣ್ಣ ಬಳಿದು ಮತ್ತೆ ಮಾರಿದರು. 2022ರಲ್ಲಿ ಭಾರತದ ರಾಜವಂಶಗಳ ಕಂತು ಬಂತು. ಅದರಲ್ಲಿ ದ್ರಾವಿಡರಿದ್ದಾರೆ, ರಾಜೇಂದ್ರ ಚೋಳನ ದಂಡಯಾತ್ರೆ ಇದೆ. ಈ ರಾಜೇಂದ್ರ ನಮಗೆ ಪರಕೀಯನಲ್ಲ. ಸಾವಿರ ವರ್ಷದ ಹಿಂದೆ ಕೋಲಾರ ಸೀಮೆ ಅವನ ಕೈಯಲ್ಲಿತ್ತು, ಕೋಲಾರಮ್ಮನ ಗುಡಿಯಲ್ಲಿ ಅವನ ಶಾಸನವಿದೆ. ಹಡಗು ಕಟ್ಟಿ ಸಮುದ್ರ ದಾಟಿ ಶ್ರೀವಿಜಯದ ಮೇಲೆ ಬಿದ್ದ ಗಂಡು. ಅಂಥವನಿಗೂ ಮ್ಯಾಕ್‌ನ ಹೊಸ್ತಿಲು ದಾಟಲಾಗಲಿಲ್ಲ. ಈ ಹೊಸ ಆವೃತ್ತಿ ಮ್ಯಾಕ್‌ಗೆ ಬರಲೇ ಇಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಮ್ಯಾಕ್ ಒಳಗೆ ಪ್ಯಾರಲಲ್ಸ್ ಎಂಬುದನ್ನು ದುಡ್ಡು ಕೊಟ್ಟು ಹಾಕಿಕೊಂಡು, ಅದರೊಳಗೆ ವಿಂಡೋಸ್ ಹಾಕಿಕೊಂಡು, ಅದರೊಳಗೆ ಆಟ ಹಾಕಿಕೊಳ್ಳಬಹುದು. ವಿಂಡೋಸ್ ಎಂದರೆ ಮೂಗು ಮುರಿದು ಮ್ಯಾಕ್ ಕೊಂಡವರು ಹಿಂಬಾಗಿಲಿನಿಂದ ಅದೇ ವಿಂಡೋಸನ್ನು ಮನೆಗೆ ಕರೆದುಕೊಂಡ ಕತೆ ಇದು, ಮನೆಯ ಮರ್ಯಾದೆ ಪ್ರಶ್ನೆ, ಹೊರಗೆ ಹೇಳುವುದಿಲ್ಲ. ಇನ್ನೊಂದು ದಾರಿ ವೈನ್, ಇಲ್ಲವೇ ಅದನ್ನೇ ಒಪ್ಪಮಾಡಿ ಮಾರುವ ಕ್ರಾಸ್‌ಓವರ್. ಆಟ ವಿಂಡೋಸನ್ನು ಕರೆದರೆ ವೈನ್ ಅದನ್ನು ಮ್ಯಾಕ್‌ನ ಮಾತಿಗೆ ತಿರುಗಿಸುತ್ತದೆ. ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಚಿತ್ರವನ್ನು ಇನ್ನೊಂದು ಪದರ ಆಪಲ್‌ನ ಮೆಟಲ್‌ಗೆ ತಿರುಗಿಸುತ್ತದೆ. ಇಂಟೆಲ್ ಆಜ್ಞೆಗಳನ್ನು ಹೊಸ ರೊಸೆಟ್ಟಾ ಆಪಲ್ ಚಿಪ್ಪಿಗೆ ತಿರುಗಿಸುತ್ತದೆ. ನಮ್ಮ ಟೊಮೆಟೊ ಮಂಡಿಯಲ್ಲಿ ತೆಲುಗಿನ ರೈತ, ಉರ್ದುವಿನ ದಲ್ಲಾಳಿ, ಕನ್ನಡದ ಲೆಕ್ಕದವನು, ತಮಿಳಿನ ಲಾರಿ ಡ್ರೈವರ್ ಬೆಳಗಿನ ಹರಾಜು ಮುಗಿಸುವಂತೆ ಇದೂ ಹೇಗೋ ನಡೆದುಹೋಗುತ್ತದೆ. ವ್ಯತ್ಯಾಸವೊಂದೇ. ಮಂಡಿಯಲ್ಲಿ ವರ್ಷಕ್ಕೊಮ್ಮೆ ಅಪ್‌ಡೇಟ್ ಬಂದು ದಲ್ಲಾಳಿಗೆ ಉರ್ದು ಮರೆತುಹೋಗುವುದಿಲ್ಲ.

0 ಎ.ಡಿ. ಎಂಬ ಇನ್ನೊಂದು ಆಟವೂ ಇದೆ. ಸ್ವಯಂಸೇವಕರು ಕಟ್ಟಿದ್ದು, ಅದೇ ಧಾಟಿಯದು, ಮೌರ್ಯರ ಆನೆ ಪಡೆಯೂ ಇದೆ, ಮ್ಯಾಕ್ ಮೇಲೆ ನೇರವಾಗಿ ಓಡುತ್ತದೆ, ದುಡ್ಡು ಕೇಳುವುದಿಲ್ಲ. ಈ ಕೊನೆಯ ಗುಣವೇ ಅದಕ್ಕೆ ಮುಳುವು. ಲಕ್ಷ ಕೊಟ್ಟು ತಂದ ಯಂತ್ರದ ಮೇಲೆ ಪುಕ್ಕಟೆ ಆಟ ಆಡಿದರೆ ನೋಡಿದವರು ಏನಂದುಕೊಂಡಾರು?

2025ರ ಜೂನ್‌ನ ಕಾಲಜ್ಞಾನದಲ್ಲಿ ಈ ರೊಸೆಟ್ಟಾ ಎರಡನೆಯವನಿಗೂ ನಿವೃತ್ತಿ ವಯಸ್ಸು ಗೊತ್ತಾಯಿತು. ಮ್ಯಾಕ್ ಓಎಸ್ 27ರ ತನಕ ಪೂರ್ತಿ ಕೆಲಸ. ಅದಾದ ಮೇಲೆ ನೋಡಿಕೊಳ್ಳುವವರಿಲ್ಲದ ಹಳೆಯ ಆಟಗಳಿಗೆಂದು ಅವನ ಒಂದು ತುಂಡನ್ನು ಉಳಿಸುತ್ತಾರಂತೆ. ಆಟಗಳಿಗೂ ಒಂದು ಸಂಧ್ಯಾ ಸುರಕ್ಷಾ ಯೋಜನೆ! ಭಕ್ತರು ಆನಂದಬಾಷ್ಪ ಸುರಿಸಿದರು. ಫಲಾನುಭವಿಗಳ ಪಟ್ಟಿ ಓದಿದವರಿಗೆ ಮಾತ್ರ ವಿಷಯ ಗೊತ್ತು: ಮ್ಯಾಕ್‌ಗೆಂದೇ ಮಾಡಿದ 32-ಬಿಟ್ ಆಟಗಳು ಇದರಲ್ಲಿ ಬರುವುದಿಲ್ಲ. ಅವು 2019ರಲ್ಲೇ ತೀರಿಕೊಂಡಿವೆ, ತೀರಿಕೊಂಡವರಿಗೆ ಪಿಂಚಣಿ ಎಲ್ಲಿಯದು?

ನನಗೆ ಸಿಟ್ಟು ಬರುವುದು ಕಂಪನಿಯ ಮೇಲಲ್ಲ. ಅದು ಸಾಮ್ರಾಜ್ಯ, ಸಾಮ್ರಾಜ್ಯಗಳು ಹೀಗೇ ಇರುತ್ತವೆ ಎಂಬುದನ್ನು ಈ ಆಟಗಳೇ ಕಲಿಸಿವೆ. ಸಿಟ್ಟು ಬರುವುದು ನಮ್ಮ ಚಕ್ರವರ್ತಿಗಳ ಮೇಲೆ. ಪರದೆಯ ಮೇಲೆ ಎಡಗೈಯಲ್ಲಿ ಕಾಫಿ ಹಿಡಿದುಕೊಂಡೇ ಇನ್ನೂರು ಜನರನ್ನು ಸಾವಿಗೆ ಕಳಿಸುತ್ತಾರೆ, ‘ಅಗ್ರೀ’ ಎಂಬ ಬಟನ್ ಕಂಡೊಡನೆ ಪೇಟ ಕೈಗೆ ತೆಗೆದುಕೊಂಡು ಕಪ್ಪ ಒಪ್ಪಿಸುವ ಪಾಳೇಗಾರರಾಗುತ್ತಾರೆ. ದುಡ್ಡು ಕೊಟ್ಟು ಕೊಂಡ ಆಟ ಸತ್ತರೆ ‘ಟೆಕ್ನಾಲಜಿ ಮುಂದೆ ಹೋಗಬೇಕಲ್ಲ’ ಅನ್ನುತ್ತಾರೆ. ಇದೇ ಜನ ಮಿಕ್ಸಿಯ ಜಾರಿನ ರಬ್ಬರು ಸಿಕ್ಕಲಿಲ್ಲವೆಂದು ಆಜಾದ್ ಚೌಕದ ಅಂಗಡಿಯಲ್ಲಿ ಅರ್ಧ ಗಂಟೆ ಜಗಳ ಆಡಿರುತ್ತಾರೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗಕ್ಕೆ ಮುತ್ತಿಗೆ ಹಾಕಿದಾಗ ಟಿಪ್ಪುವಿನ ಕಾವಲುಪಡೆ ವಾರಗಟ್ಟಲೆ ತಡೆದು ನಿಂತಿತು. ಇವರು ‘ಇವತ್ತು ರಾತ್ರಿ ಇನ್‌ಸ್ಟಾಲ್ ಮಾಡಲೇ?’ ಎಂಬ ಒಂದು ಸಂದೇಶವನ್ನು ಎರಡನೇ ಸಲ ತಡೆಯಲಾರರು.

ಹಳೆಯ ಆಟಗಳನ್ನು ಉಳಿಸಿದವರು ಯಾರು ಎಂದು ಹುಡುಕಿದರೆ ಇನ್ನೂ ಮಜ. ಆ ಕಾಲದ ಹಲವು ಡಿಸ್ಕುಗಳಿಗೆ ಸೇಫ್‌ಡಿಸ್ಕ್ ಎಂಬ ಕಳ್ಳಗಾವಲು ಇತ್ತು. 2015ರ ವಿಂಡೋಸ್ 10 ಆ ಕಾವಲುಗಾರನನ್ನು ಅಪಾಯಕಾರಿ ಎಂದು ಒಳಗೇ ಬಿಡಲಿಲ್ಲ. ಪರಿಣಾಮ, ಪೂರ್ತಿ ದುಡ್ಡು ಕೊಟ್ಟು ಅಸಲಿ ಡಿಸ್ಕ್ ಕೊಂಡ ಪ್ರಾಮಾಣಿಕನ ಆಟ ನಿಂತಿತು. ಕಾವಲು ಮುರಿದ ನಕಲಿ ಸಿ.ಡಿ.ಯನ್ನು ಬೆಂಗಳೂರಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದವನ ಆಟಕ್ಕೆ ಆ ತಾಪತ್ರಯವೇ ಇರಲಿಲ್ಲ. ಪುಣ್ಯಕ್ಕೆ ಇದನ್ನು ನೀತಿಪಾಠದ ಪುಸ್ತಕಕ್ಕೆ ಇನ್ನೂ ಯಾರೂ ಸೇರಿಸಿಲ್ಲ.

ಮೊನ್ನೆ ಚೇಳೂರು ಸರ್ಕಲ್ ಹತ್ತಿರದ ಒಂದು ರಿಪೇರಿ ಅಂಗಡಿಗೆ ಇಂಥ ಚಕ್ರವರ್ತಿಯೊಬ್ಬರು ಮ್ಯಾಕ್ ಹೊತ್ತುಕೊಂಡು ಬಂದರು. ಅಂಗಡಿಯ ಹುಡುಗ ಅವರು ಹೇಳಿದ್ದನ್ನೆಲ್ಲ ಕೇಳಿ, ಮ್ಯಾಕ್ ಅನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದಕ್ಕೆ ಬ್ಯಾಟರಿ ಬೇಕಾದ್ರೆ ಹಾಕ್ಕೊಡ್ತೀನಣ್ಣಾ, ಆಟ ನನ್ ಕೈಲಾಗಲ್ಲ’ ಅಂದ.

ಚಕ್ರವರ್ತಿಗಳ ಕಣ್ಣು ಅಷ್ಟರಲ್ಲಿ ಮೂಲೆಗೆ ಹೋಗಿತ್ತು. ಅಲ್ಲೊಂದು ಬಿಳಿ ಬಣ್ಣ ಹಳದಿಗೆ ತಿರುಗಿದ ಸಿ.ಪಿ.ಯು., ಅದರ ಮೇಲೆ ಡಬ್ಬದಂಥ ಮಾನಿಟರ್, ಅದರ ಮೇಲೆ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ.

‘ಅದು ಎಷ್ಟಕ್ಕೆ ಕೊಡ್ತೀಯಪ್ಪಾ?’

‘ಅದು ಮಾರೋದಲ್ಲಣ್ಣಾ.’

‘ಐದು ಸಾವಿರ?’

‘ಬೇಡಣ್ಣಾ.’

‘ಹತ್ತು ತಗೊಳ್ಳಪ್ಪಾ. ಗುಜರಿಗೆ ಹಾಕಿದ್ರೆ ಐನೂರು ಬರಲ್ಲ ನಿಂಗೆ.’

‘ಗುಜರಿಗೆ ಯಾಕಣ್ಣಾ ಹಾಕ್ಲಿ? ಸಾಯಂಕಾಲ ಅಂಗಡಿ ಬಾಗಿಲು ಎಳ್ಕೊಂಡು ನಾನೂ ನಮ್ ಫ್ರೆಂಡ್ಸೂ ಅದ್ರಲ್ಲೇ ಏಜ್ ಆಫ್ ಎಂಪೈರ್ಸ್ ಆಡೋದು.’ ಹುಡುಗ ಸ್ವಲ್ಪ ಯೋಚಿಸಿದ. ‘ನಿಮಗಷ್ಟು ಆಸೆ ಇದ್ರೆ ಏಳು ಗಂಟೆ ಮೇಲೆ ಬನ್ನಿ. ಗಂಟೆಗೆ ಇಪ್ಪತ್ತು ರೂಪಾಯಿ. ಚಪ್ಪಲಿ ಹೊರಗೆ ಬಿಡಿ.’